ಮಾಸ್ತರರಿಗೆ ಮಕ್ಕಳ ಮಾತು ತಿಳಿಯಬೇಡವೇ?

ಪುಣೆಯ ಹೋಟೆಲು, ಕಾರಖಾನೆಗಳಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳವರೂ ಇದ್ದಾರೆ. ದುಡಿಯುವವನು ಇಲ್ಲಿ, ಹೆಂಡತಿ ಮಕ್ಕಳು ಊರಲ್ಲಿ. ತಿಂಗಳು ತಿಂಗಳು ಹಣ ಕಳಿಸುವವನ ಆಸೆ ಒಂದೇ: ಮಗ ನಾಲ್ಕು ಅಕ್ಷರ ಕಲಿಯಲಿ, ತನ್ನಂತೆ ಕಪ್ಪು ಬಶಿ ತೊಳೆಯುವುದು ಅವನಿಗೆ ತಪ್ಪಲಿ. ಆ ಆಸೆಗೆ ಆಧಾರ ಊರಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ.

1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡವಾದಾಗ ಈ ತಾಲೂಕುಗಳು ಮುಂಬಯಿ ರಾಜ್ಯದಲ್ಲಿ ಉಳಿದವು. 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಗಡಿಯ ವಾದ ಇತ್ಯರ್ಥವಾಗುವವರೆಗೆ ಮಗು ಕಾಯುವುದಿಲ್ಲ. ಆರು ವರ್ಷ ತುಂಬಿದೊಡನೆ ಅದು ಪಾಟಿಚೀಲ ಹಿಡಿದು ಬರುತ್ತದೆ.

2024ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಲಾಯಿತು. ಆ ಶಿಕ್ಷಕರ ಮೇಲೆ ನಮಗೆ ಸಿಟ್ಟಿಲ್ಲ. ಹುಕುಂ ಬಂದಲ್ಲಿಗೆ ಹೋಗುವ ನೌಕರರು ಅವರು. ಆದರೆ ಒಂದನೆಯ ಇಯತ್ತೆಯ ಮಗು ಹೊಟ್ಟೆ ನೋಯುತ್ತದೆಂದರೆ ಮಾಸ್ತರರಿಗೆ ತಿಳಿಯದಿದ್ದರೆ, ಅಲ್ಲಿ ಕಲಿಯುವುದೇನು, ಕಲಿಸುವುದೇನು?

ನಾವು ಬೇಡುವುದು ಭಿಕ್ಷೆಯಲ್ಲ. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ತಾಯ್ನುಡಿಯ ಶಿಕ್ಷಕರನ್ನು ಕೊಡಬೇಕೆಂದು 1949ರಲ್ಲೇ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಒಪ್ಪಿದ್ದರು. ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು.

ಮರಾಠಿಯನ್ನೂ ಮಕ್ಕಳು ಚೆನ್ನಾಗಿ ಕಲಿಯಲಿ. ಗಲ್ಲೆಯ ಮೇಲೆ ಕೂತವರಿಗೂ ಯಂತ್ರದ ಮುಂದೆ ನಿಂತವರಿಗೂ ಅದರ ಬೆಲೆ ಗೊತ್ತು. ಆದರೆ ತಿಳಿದ ಮಾತಿನಿಂದಲೇ ತಿಳಿಯದ ಮಾತಿಗೆ ಹೋಗಬೇಕು.

ಸರಕಾರದ ಹೊಣೆ ಹೇಳಿದೆವು, ನಮ್ಮದೂ ಒಂದಿದೆ. ಹಾಜರಿ ಪಟ್ಟಿಯ ಮಕ್ಕಳನ್ನು ಎಣಿಸಿಯೇ ಶಿಕ್ಷಕರ ಹುದ್ದೆ ಕೊಡುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿ ಬೇರೆಡೆ ಸೇರಿಸಿದರೆ ಶಾಲೆ ತಾನಾಗಿ ಬಡವಾಗುತ್ತದೆ. ಅದೇ ಕಾಯಿದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಸದಸ್ಯರು ಹೆಂಗಸರಾಗಿರಬೇಕು. ನೀವು ಊರಲ್ಲಿಲ್ಲದಿದ್ದರೇನು, ಮನೆಯಾಕೆ ಇದ್ದಾಳಲ್ಲ! ಆಕೆ ಸಭೆಗೆ ಹೋಗಲಿ, ಬೇಡಿಕೆಯನ್ನು ಠರಾವಿನಲ್ಲಿ ಬರೆಸಲಿ.

ಬಂಧುಗಳೇ, ಜಾತ್ರೆಗೆ ಊರಿಗೆ ಹೋದಾಗ ದೇವರಿಗೆ ಕಾಯಿ ಒಡೆಸಿ ಶಾಲೆಗೂ ಹೋಗಿಬನ್ನಿ. ಕನ್ನಡ ಬಲ್ಲ ಮಾಸ್ತರರು ಎಷ್ಟು ಮಂದಿ, ಖಾಲಿ ಜಾಗ ಎಷ್ಟು, ಕೇಳಿ ಬರೆದುಕೊಂಡು ಬನ್ನಿ. ಆ ಲೆಕ್ಕ ಕೈಯಲ್ಲಿದ್ದರೆ ಸಂಘವು ಜಿಲ್ಲಾ ಪರಿಷತ್ತಿನ ಮುಂದೆ ಧೈರ್ಯವಾಗಿ ಮಾತಾಡಬಲ್ಲದು.