ಆಸ್ಪತ್ರೆಯ ಸ್ಲ್ಯಾಬು ಮತ್ತು ಗುಡಿಯ ಬೋದಿಗೆ

ಎಂಜಿನಿಯರಾಗಿರುವ ನನ್ನ ಶಿಷ್ಯರಲ್ಲಿ ಒಂದು ಅರಿಕೆ.

ದೊಡ್ಡಗದ್ದವಳ್ಳಿಯ 12ನೆಯ ಶತಮಾನದ ಲಕ್ಷ್ಮೀದೇವಿ ಗುಡಿಯಲ್ಲಿ ಕಂಬಗಳೇಕೆ ಒತ್ತೊತ್ತಾಗಿವೆಯೆಂದು ನಿಮ್ಮನ್ನು ಕೇಳುತ್ತಿದ್ದೆ. ಕಲ್ಲು ಭಾರ ಹೊರುತ್ತದೆ, ಬಾಗಿದರೆ ಬಿರಿಯುತ್ತದೆ. ಕಾಂಕ್ರೀಟಿನೊಳಗಿನ ಉಕ್ಕು ಆ ಕೊರತೆಯನ್ನು ನೀಗಿಸಿತು.

ಆಸ್ಪತ್ರೆಯಲ್ಲಿ ತೊಲೆಗಳಿದ್ದರೆ ಗಾಳಿ, ಆಮ್ಲಜನಕದ ಕೊಳವೆಗಳು ಅವುಗಳ ಕೆಳಗೆ ಹಾಯಬೇಕು. ಅಂತಸ್ತಿನ ಎತ್ತರವೂ ಖರ್ಚೂ ಏರುತ್ತವೆ. ತೊಲೆಯಿಲ್ಲದ ಫ್ಲಾಟ್ ಸ್ಲ್ಯಾಬಿನಲ್ಲಿ ಅವು ಸಲೀಸಾಗಿ ಸಾಗುತ್ತವೆ, ಸೆಂಟ್ರಿಂಗೂ ಬೇಗ ಮುಗಿಯುತ್ತದೆ. ಕಂಬವು ಸ್ಲ್ಯಾಬನ್ನು ತೂರದಂತೆ, ಗುಡಿಯ ಬೋದಿಗೆಯ ಹಾಗೆ, ಕಂಬದ ತಲೆಯನ್ನು ಅಗಲಿಸಬೇಕು. ಪೋಸ್ಟ್ ಟೆನ್ಷನ್ ಸ್ಲ್ಯಾಬು ಇನ್ನೂ ತೆಳು. ಆದರೆ ಬಿಗಿದ ಕೇಬಲಿರುವಲ್ಲಿ ಮುಂದೆ ಕೊರೆಯುವುದು ಅಪಾಯ.

ಗುಡಿ ಕಟ್ಟಿದಂತೆಯೇ ನಿಲ್ಲುತ್ತದೆ, ಆಸ್ಪತ್ರೆ ಬದಲಾಗುತ್ತಲೇ ಇರುತ್ತದೆ. 2020-21ರ ಕೋವಿಡ್ ಅದನ್ನು ಕಲಿಸಿತು. ಆದ್ದರಿಂದ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಸಾದಾ ಫ್ಲಾಟ್ ಸ್ಲ್ಯಾಬೇ ಲೇಸೆಂದು ನನ್ನ ಮತ. ಕಟ್ಟಲು ಹಿಡಿಯುವ ದಿನಗಳನ್ನಷ್ಟೇ ಅಲ್ಲ, ಮುಂದಿನ ದುರಸ್ತಿಗೆಂದು ವಾರ್ಡು ಮುಚ್ಚಬೇಕಾಗುವ ದಿನಗಳನ್ನೂ ಎಣಿಸಿರಿ.