ಕನ್ನಡಕದ ಕಂಪ್ಯೂಟರು ನಮ್ಮನೆ ಒಳಗೆ ಬೇಡ

ಈ ಸಲ ದಸರಾಕ್ಕೆ ಮಗ ಬಂದಿದ್ದ. ಗೊಂಬೆ ಕೂರ್ಸೋಕೆ ಕೈ ಜೋಡಿಸ್ತಾನೆ ಅಂದ್ಕೊಂಡ್ರೆ, ಕಣ್ಣಿಗೆ ಅದೇನೋ ದಪ್ಪ ಕನ್ನಡಕ ಹಾಕ್ಕೊಂಡು ಸೋಫಾದಲ್ಲಿ ಕೂತುಬಿಟ್ಟ. ಅದರೊಳಗೇ ಕಂಪ್ಯೂಟರ್ ಪರದೆ ಕಾಣತ್ತಂತೆ. "ಕಾಫಿ ಬೇಕೇನೋ?" ಅಂದ್ರೆ ನನ್ನ ಕಡೆ ತಿರುಗಿ ನಕ್ಕ. ನನ್ನ ನೋಡಿ ನಕ್ಕಿದ್ದೋ, ಒಳಗೆ ಕಂಡಿದ್ದನ್ನ ನೋಡಿ ನಕ್ಕಿದ್ದೋ, ಗೊತ್ತಾಗ್ಲಿಲ್ಲ ಕಣ್ರೀ. ನನ್ನ ಜಗಳ ಇರೋದು ಅಲ್ಲೇ.

ನಾನು ಓದಿರೋದು ಪಿಯುಸಿ. ಆದ್ರೂ ಹೇಳ್ತೀನಿ, ಇದಕ್ಕಿಂತ ಒಳ್ಳೇ ದಾರಿನ ನಮ್ಮ ಮೈಸೂರಲ್ಲೇ ತೋರ್ಸಿದ್ರು. 2009ರ ನವೆಂಬರ್‌ನಲ್ಲಿ ಹೆಬ್ಬಾಳದ ಇನ್ಫೋಸಿಸ್ ಆವರಣದಲ್ಲಿ ಟೆಡ್ ಇಂಡಿಯಾ ಸಮ್ಮೇಳನ ಆಯ್ತಲ್ಲ, ಅಲ್ಲಿ ಅಮೆರಿಕದ ಎಂಐಟಿಯಲ್ಲಿ ಓದ್ತಿದ್ದ ಗುಜರಾತಿನ ಪ್ರಣವ್ ಮಿಸ್ತ್ರಿ "ಸಿಕ್ಸ್ತ್ ಸೆನ್ಸ್" ಅನ್ನೋ ಸಾಧನ ತೋರ್ಸಿದ. ತಾಳಿ ಹಾಗೆ ಕತ್ತಲ್ಲಿ ನೇತಾಡೋ ಪುಟ್ಟ ಪ್ರೊಜೆಕ್ಟರು, ಜೊತೆಗೊಂದು ಕ್ಯಾಮೆರಾ, ಬೆರಳ ತುದಿಗೆ ಬಣ್ಣದ ಗುರುತು. ಗೋಡೆ ಮೇಲೆ, ಪೇಪರ್ ಮೇಲೆ ಚಿತ್ರ ಬೀಳತ್ತೆ. ಅಂಗೈ ಮೇಲೇ ಫೋನಿನ ಅಂಕಿ ಮೂಡಿಸಿ ಒತ್ತಬಹುದು. ಬೆರಳು ಎಲ್ಲಾಡ್ತು ಅಂತ ಕ್ಯಾಮೆರಾ ನೋಡ್ಕೊಳ್ಳತ್ತೆ. ಮಾಡೋಕೆ ಖರ್ಚು ಸುಮಾರು 350 ಡಾಲರ್.

ಕಂಪನಿಗಳು ಹಿಡಿದಿದ್ದು ಮಾತ್ರ ಕನ್ನಡಕನೇ. ಗೂಗಲ್ ಗ್ಲಾಸ್‌ಗೆ 1,500 ಡಾಲರ್. ಎದುರಿಗಿರೋರ ಫೋಟೋ ಗೊತ್ತಿಲ್ದಂಗೆ ತೆಗೀತಾರೆ ಅಂತ ಜನ ಬೈದ್ರು. 2015ರ ಜನವರಿಯಲ್ಲಿ ಸಾಮಾನ್ಯರಿಗೆ ಮಾರೋದು ನಿಲ್ಸಿದ್ರು. 2024ರಲ್ಲಿ ಆಪಲ್ ವಿಷನ್ ಪ್ರೊ ಬಂತು, 3,499 ಡಾಲರ್, ತೂಕ 600ರಿಂದ 650 ಗ್ರಾಂ. ಅರ್ಧ ಕೇಜಿ ಸಕ್ಕರೆ ಪೊಟ್ಣಕ್ಕಿಂತ ಭಾರ, ಅದೂ ಮುಖದ ಮೇಲೆ!

"ಅಮ್ಮ, ಪ್ರೊಜೆಕ್ಟರ್‌ಗೆ ಕತ್ತಲೆ ಬೇಕು. ಬಸ್ಸಲ್ಲಿ ಗೋಡೆ ಎಲ್ಲಿಂದ ತರ್ಲಿ? ಬ್ಯಾಂಕ್ ಲೆಕ್ಕನ ಎಲ್ಲರ ಮುಂದೆ ಹಾಕ್ಲಾ?" ಅಂತಾನೆ ಮಗ. ಒಪ್ಪಿದೆ. ಬಸ್ಸಲ್ಲಿ, ಆಫೀಸಲ್ಲಿ ಹಾಕ್ಕೊಳ್ಳಪ್ಪ. ಬ್ಯಾಂಕ್ ಲೆಕ್ಕಕ್ಕೆ ನಿನ್ನ ಫೋನೇ ಸಾಕು.

ಮನೇಲಿ ಏನಾಯ್ತು ಕೇಳಿ. ಮೊಮ್ಮಗಳ ಡ್ಯಾನ್ಸ್ ತೋರ್ಸ್ತೀನಿ ಅಂತ ನಮ್ಮತ್ತೆಗೆ ಆ ಕನ್ನಡಕ ಹಾಕ್ದ. ಎಂಬತ್ನಾಲ್ಕು ವರ್ಷದ ಜೀವ. ತಮ್ಮ ಕನ್ನಡಕ ತೆಗೀಬೇಕು, ತೆಗೆದ್ರೆ ಮಸುಕು. ತಲೆ ಸುತ್ತತ್ತೆ ಅಂತ ಕೊಟ್ಟುಬಿಟ್ರು. ಸಂಜೆ ಪಕ್ಕದ್ಮನೆ ಹುಡುಗನ ಪುಟ್ಟ ಪ್ರೊಜೆಕ್ಟರ್ ತಂದು, ದೀಪ ಆರ್ಸಿ, ಹಾಲ್ ಗೋಡೆ ಮೇಲೆ ಅದೇ ಡ್ಯಾನ್ಸ್ ಬಿಟ್ವಿ. ಅತ್ತೆ ಗೋಡೆ ಹತ್ರ ಹೋಗಿ ಮೊಮ್ಮಗಳ ಕೆನ್ನೆ ಸವರಿದ್ರು. ಗೊಂಬೆ ನೋಡೋಕೆ ಬಂದೋರೂ ಕೂತು ನೋಡಿದ್ರು. ಮಗನ ಕಣ್ಣೂ ಅವತ್ತು ನನಗೆ ಸರಿಯಾಗಿ ಕಾಣಿಸ್ತು.

ಚಪ್ಪಲಿ ಬಾಗಿಲ ಹತ್ರ ಬಿಡ್ತೀವಲ್ಲ, ಆ ಕನ್ನಡಕನೂ ಅಲ್ಲೇ ಬಿಟ್ಟು ಬರ್ಲಿ ಅಂತೀನಿ. ನೀವೇನಂತೀರಿ?