ಮೂಳೆ ಕಳೆದುಕೊಂಡ ಊರು

ಮಕ್ಕಳೇ, ಈ ವಾರ ಅಮೆರಿಕದ ನ್ಯೂಜೆರ್ಸಿಗೆ ಹೋಗೋಣ. ಅಲ್ಲಿ ಹ್ಯಾಡನ್‌ಫೀಲ್ಡ್ ಎಂಬ ಪುಟ್ಟ ಊರಿದೆ. ಇಂಥ ಊರನ್ನು ಅಲ್ಲಿಯವರು 'ಬರೋ' ಅನ್ನುತ್ತಾರೆ. ನಮ್ಮ ಪುರಸಭೆಯ ಹಾಗೆ ತನ್ನದೇ ಆಡಳಿತ. ಜನಸಂಖ್ಯೆ ಸುಮಾರು 12,500. ಬೆಳಗಾದರೆ ಎಷ್ಟೋ ಜನ ರೈಲು ಹತ್ತಿ ಪಕ್ಕದ ಫಿಲಡೆಲ್ಫಿಯಾ ನಗರಕ್ಕೆ ಕೆಲಸಕ್ಕೆ ಹೋಗುತ್ತಾರೆ.

ಇಲ್ಲಿ ಹಿಂದೆ ಜಾನ್ ಹಾಪ್ಕಿನ್ಸ್ ಎಂಬ ರೈತನಿದ್ದ. 1838ರ ಹೊತ್ತಿಗೆ, ಹೊಲಕ್ಕೆ ಗೊಬ್ಬರವಾಗುವ ಮಣ್ಣು ತೆಗೆಯುವಾಗ ಅವನ ಜಮೀನಿನಲ್ಲಿ ದೊಡ್ಡ ದೊಡ್ಡ ಮೂಳೆಗಳು ಸಿಕ್ಕವು. ಮನೆಗೆ ಬಂದವರು ಅವನ್ನು ನೋಡಿ, ಮೆಚ್ಚಿ, ಒಂದೊಂದಾಗಿ ಎತ್ತಿಕೊಂಡು ಹೋದರು. ರಸೀದಿಯಿಲ್ಲ, ಲೆಡ್ಜರಿಲ್ಲ! ಬ್ಯಾಂಕಿನಲ್ಲಿ ಪೈಸೆ ಪೈಸೆ ಲೆಕ್ಕ ಬರೆದ ನನ್ನಂಥವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಯಾರ ಯಾರ ಮನೆಯ ಅಟ್ಟ ಸೇರಿದವೋ.

ಇಪ್ಪತ್ತು ವರ್ಷದ ಮೇಲೆ, 1858ರಲ್ಲಿ, ಫೋಕ್ ಎಂಬ ವಕೀಲರ ಕಿವಿಗೆ ಈ ಸುದ್ದಿ ಬಿತ್ತು. ಹಳೆಯ ಗುಂಡಿಯನ್ನೇ ಮತ್ತೆ ಅಗೆಸಿದರು. ಪುಣ್ಯಕ್ಕೆ ಮಣ್ಣಿನಲ್ಲಿ ಇನ್ನೂ ಮೂಳೆಗಳಿದ್ದವು! ಜೋಸೆಫ್ ಲೀಡಿ ಎಂಬ ವಿಜ್ಞಾನಿ ಪರೀಕ್ಷಿಸಿ, ಇದು ಸೊಪ್ಪುಸದೆ ತಿನ್ನುವ ಡೈನೊಸಾರ್, ಹಿಂಗಾಲ ಮೇಲೆ ಎದ್ದು ನಿಲ್ಲಬಲ್ಲದು ಎಂದರು. ಹ್ಯಾಡ್ರೊಸಾರಸ್ ಎಂದು ಹೆಸರಿಟ್ಟರು. 1868ರಲ್ಲಿ ಫಿಲಡೆಲ್ಫಿಯಾದ ವಸ್ತುಸಂಗ್ರಹಾಲಯದಲ್ಲಿ ಮೂಳೆ ಜೋಡಿಸಿ ನಿಲ್ಲಿಸಿದರು. ಜಗತ್ತಿನಲ್ಲಿ ಹಾಗೆ ನಿಂತ ಮೊದಲ ಡೈನೊಸಾರ್ ಅಸ್ಥಿಪಂಜರ ಅದೇ. ತಲೆಬುರುಡೆ ಸಿಗಲಿಲ್ಲ, ಊಹಿಸಿ ಮಾಡಿ ಕೂರಿಸಿದರು.

ಬರಬರುತ್ತಾ ಆ ಗುಂಡಿಯ ನೆನಪು ಮಸುಕಾಯಿತು. 1984ರಲ್ಲಿ ಅಲ್ಲಿ ಗುರುತಿನ ಕಲ್ಲು ಬಂದದ್ದು ಒಬ್ಬ ಸ್ಕೌಟ್ ಹುಡುಗನ ಪ್ರಯತ್ನದಿಂದ. ದೊಡ್ಡವರಿಗೆ ಹೊಳೆದಿರಲಿಲ್ಲ ನೋಡಿ! ಈಗ ಪೇಟೆಯ ನಡುವೆ 'ಹ್ಯಾಡಿ' ಎಂಬ ಕಂಚಿನ ಡೈನೊಸಾರ್ ನಿಂತಿದೆ, ಈ ಸಲ ತಲೆ ಸಮೇತ.